ಸಾವನ್ನು ಗೆಲ್ಲೋಕೆ ದೇವರು ಮನುಷ್ಯನಾಗಲೇಬೇಕಿತ್ತಾ?

ದೇವರು ಸರ್ವಶಕ್ತ ಅಂದಮೇಲೆ ಒಂದು ಮಾತಿನಲ್ಲೇ ಸಾವನ್ನು ಇಲ್ಲವಾಗಿಸಬಹುದಿತ್ತಲ್ಲ, ಕ್ರಿಸ್ತ ಹುಟ್ಟಿ ಸಾಯೋದು ಯಾಕೆ ಅಂತ ಕೇಳಿದ್ದೀರಿ. ಹಳೇ ಪ್ರಶ್ನೆ ಇದು. 4ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಇದಕ್ಕೆ ಉತ್ತರ ಬರೆದಿದ್ದರು.

ಅವರ ವಾದ ಹೀಗೆ. ಮನುಷ್ಯ ಮಾಡಿದ್ದು ಬರೀ ತಪ್ಪಾಗಿದ್ದರೆ ಪಶ್ಚಾತ್ತಾಪವೇ ಸಾಕಿತ್ತು. ಆದರೆ ಸಾವು ಮನುಷ್ಯನ ಮೈಯಲ್ಲೇ ಬೇರೂರಿತ್ತು. ಹೊರಗೆ ನಿಂತು ಅಪ್ಪಣೆ ಕೊಟ್ಟರೆ ಅದು ಹೋಗೋದಿಲ್ಲ, ಜೀವವೂ ಅದೇ ಮೈಯೊಳಗೆ ಬರಬೇಕು. ದೇವರಿಗೆ ಸಾವಿಲ್ಲ, ಅದಕ್ಕೇ ಕ್ರಿಸ್ತನಾಗಿ ಸಾಯಬಲ್ಲ ಮೈ ಪಡೆದು ಸತ್ತ. ಜೀವದ ಮೂಲವನ್ನೇ ಹಿಡಿದಿಟ್ಟುಕೊಳ್ಳೋಕೆ ಸಾವಿಗೆ ಆಗಲಿಲ್ಲ. ಕ್ರಿಸ್ತನ ಹಸಿವು, ನೋವು, ಸಾವು ಯಾವುದೂ ನಾಟಕವಲ್ಲ ಅನ್ನೋದು ಇಲ್ಲಿ ಮುಖ್ಯ. ನಾಟಕವಾದರೆ ವಾದವೇ ಬಿದ್ದುಹೋಗುತ್ತೆ, ಅಲ್ವಾ?

ಇಸ್ತಾಂಬುಲ್‌ನ ಹಳೇ ಖೋರಾ ಚರ್ಚಿನಲ್ಲಿ (ಈಗ ಅದು ಮಸೀದಿ) ಇದನ್ನೇ ತೋರಿಸೋ 14ನೇ ಶತಮಾನದ ಒಂದು ಭಿತ್ತಿಚಿತ್ರ ಇದೆ. ಫೋಟೋ ಹುಡುಕಿ ನೋಡಿ. ಬಿಳಿ ಬಟ್ಟೆಯ ಕ್ರಿಸ್ತ, ಬೈಬಲ್ ಹೇಳೋ ಮೊದಲ ಮನುಷ್ಯರಾದ ಆದಾಮ, ಹವ್ವ ಇಬ್ಬರನ್ನೂ ಮಣಿಕಟ್ಟು ಹಿಡಿದು ಸಮಾಧಿಯಿಂದ ಎಳೆಯುತ್ತಿದ್ದಾನೆ. ಕಾಲಡಿ ಪಾತಾಳದ ಬಾಗಿಲು ಮುರಿದು ಬಿದ್ದಿದೆ, ಬೀಗ, ಕೀಲಿಕೈ ಚೆಲ್ಲಾಪಿಲ್ಲಿ. ಅವರ ಕೈಯನ್ನಲ್ಲ, ಮಣಿಕಟ್ಟನ್ನು ಹಿಡಿದಿದ್ದಾನೆ ನೋಡಿ: ಎದ್ದು ಬರೋ ಶಕ್ತಿ ಅವರದ್ದಲ್ಲ. ನನಗಂತೂ ಉದ್ದುದ್ದ ವ್ಯಾಖ್ಯಾನಕ್ಕಿಂತ ಇದೇ ಜಾಸ್ತಿ ಅರ್ಥವಾಯಿತು.

ನಿಮ್ಮ ಗೆಳೆಯರು ಹೇಳಿದ 'ಕ್ರಿಸ್ತ ಸತ್ತು ನಮ್ಮ ಪಾಪದ ಸಾಲ ತೀರಿಸಿದ' ಅನ್ನೋ ವಿವರಣೆಯೂ ತಪ್ಪಲ್ಲ. ಪಶ್ಚಿಮದ (ಕ್ಯಾಥೊಲಿಕ್, ಪ್ರೊಟೆಸ್ಟೆಂಟ್) ಚರ್ಚುಗಳಲ್ಲಿ ಅದಕ್ಕೇ ಒತ್ತು ಜಾಸ್ತಿ. ಸಾವನ್ನು ಗೆದ್ದ ವಿಚಾರ ಬೈಬಲ್‌ನಲ್ಲೇ ನೋಡಬೇಕು ಅಂದರೆ ಇಬ್ರಿಯರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ, 14 ಮತ್ತು 15ನೇ ವಚನ ಓದಿ.