ಓದುಗರ ಪ್ರಶ್ನೆ, ವೈದ್ಯರ ಉತ್ತರ: ಎಚ್‌ಐವಿ ಮಾತ್ರೆ ತಪ್ಪಿದಾಗ

ಪ್ರಶ್ನೆ: ನಮ್ಮೂರು ಬಾಗಲಕೋಟೆ ಕಡೆ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಎಆರ್‌ಟಿ (ಎಚ್‌ಐವಿ ಹತೋಟಿಯ) ಮಾತ್ರೆ ಊರಿಂದಲೇ ತರುತ್ತಿದ್ದೆ. ಈ ಸಲ ರಜೆ ಸಿಗಲಿಲ್ಲ, ಡಬ್ಬಿ ಖಾಲಿಯಾಗಿ 12 ದಿನ ಆಯಿತು. ಮೈಗೇನೂ ಆಗಿಲ್ಲ. ಮುಂದಿನ ತಿಂಗಳು ಹಬ್ಬಕ್ಕೆ ಹೋದಾಗ ತಗೊಂಡರೆ ಸಾಕಾ? ಇಲ್ಲಿ ಕೇಳಿದರೆ ಬೈಯ್ತಾರೇನೋ ಅಂತ ಭಯ.
- ಹೆಸರು ಬೇಡ, ಪೀಣ್ಯ

ಉತ್ತರ: ಹಬ್ಬದವರೆಗೆ ಕಾಯಬೇಡಿ, ನಾಳೆಯೇ ಹೋಗಿ. ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ. ನಿಮಗೆ ಮಲ್ಲೇಶ್ವರ ಹತ್ತಿರ. ಮೆಟ್ರೋದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬನ್ನಿ. ಚಿಕಿತ್ಸೆಯ ಪುಸ್ತಕ ಮತ್ತು ಖಾಲಿ ಡಬ್ಬಿ ಎರಡನ್ನೂ ತನ್ನಿ. ಡಬ್ಬಿ ನೋಡಿದರೆ ಯಾವ ಮಾತ್ರೆ ಎಂಬ ಗೊಂದಲ ಇರುವುದಿಲ್ಲ. ಪುಸ್ತಕ ಊರಲ್ಲೇ ಉಳಿದಿದ್ದರೆ ಮನೆಯವರಿಂದ ಫೋಟೋ ತರಿಸಿಕೊಳ್ಳಿ, ಅದಕ್ಕಾಗಿ ಇನ್ನೊಂದು ವಾರ ಕಳೆಯಬೇಡಿ. ದಾರಿ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ, ಶುಲ್ಕವಿಲ್ಲ.

'12 ದಿನ ಬಿಟ್ಟಿದ್ದೇನೆ' ಎಂದು ಇದ್ದದ್ದು ಇದ್ದಂತೆ ಹೇಳಿ. ದಿನವೂ ನುಂಗಿದ್ದೇನೆ ಎಂದರೆ, ರಕ್ತದಲ್ಲಿ ವೈರಸ್ ಹೆಚ್ಚು ಕಂಡಾಗ ಮಾತ್ರೆಯೇ ಸೋತಿದೆ ಎಂದು ವೈದ್ಯರು ತಪ್ಪು ತಿಳಿಯಬಹುದು. ಸಾಮಾನ್ಯವಾಗಿ ಅದೇ ಮಾತ್ರೆ, ಅದೇ ಪ್ರಮಾಣ ಮತ್ತೆ ಶುರುವಾಗುತ್ತದೆ. ತಪ್ಪಿದ ದಿನಗಳ ಲೆಕ್ಕ ತುಂಬಲು ಎರಡೆರಡು ನುಂಗಬೇಡಿ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಮೊದಲೇ ತಿಳಿಸಿ; ಕ್ಷಯ ಪರೀಕ್ಷೆ ಮಾಡಬೇಕಾಗುತ್ತದೆ.

ಮೈಗೇನೂ ಆಗಿಲ್ಲ ಎಂದಿದ್ದೀರಿ. ಮೋಸ ಹೋಗುವುದು ಇಲ್ಲಿಯೇ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಬೆಳೆಯುತ್ತದೆ, ಮೈ ಅದನ್ನು ತೋರಿಸುವುದು ಬಹಳ ತಡವಾಗಿ. ಈಗಿನ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತದೆ. ಡೊಲುಟೆಗ್ರಾವಿರ್‌ಗೆ ವೈರಸ್ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ ನಿಜ, ಆದರೆ ಪದೇ ಪದೇ ಬಿಟ್ಟು ಹಿಡಿದರೆ ಆ ರಕ್ಷಣೆಯೂ ಸವೆಯುತ್ತದೆ. ಹೆಪಟೈಟಿಸ್ ಬಿ ಕೂಡ ಇರುವವರಿಗೆ ಅಪಾಯ ದುಪ್ಪಟ್ಟು. ಇದೇ ಮಾತ್ರೆ ಅದನ್ನೂ ಹಿಡಿದಿಟ್ಟಿರುತ್ತದೆ, ನಿಲ್ಲಿಸಿದರೆ ಯಕೃತ್ತು ಉರಿಯೂತಕ್ಕೆ ಒಳಗಾಗಬಹುದು.

ಇನ್ನು ಮೂಲ ಸಮಸ್ಯೆಗೆ ಬರೋಣ. ಇಲ್ಲೇ ನೆಲೆಸುವುದಾದರೆ ಊರಿನ ಕೇಂದ್ರಕ್ಕೆ ಹೇಳಿ ವರ್ಗಾವಣೆ ಮಾಡಿಸಿಕೊಳ್ಳಿ. ಇಲ್ಲಿ ಹೆಸರು ದಾಖಲಾಯಿತೇ ಎಂದು ನೀವೇ ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಲ್ಲಿಂದ ಬಿಟ್ಟು ಇಲ್ಲಿಗೆ ಸೇರದ ಆ ನಡುವಿನಲ್ಲೇ ಬಹಳ ಮಂದಿ ಕೈತಪ್ಪಿ ಹೋಗುತ್ತಾರೆ. ಭಾರತದಲ್ಲಿ ಮಾತ್ರೆ ನುಂಗುತ್ತಿರುವವರ ಪೈಕಿ ವೈರಸ್ ಹತೋಟಿಗೆ ಬಂದವರು ನೂರಕ್ಕೆ 95 ದಾಟಿದ್ದಾರೆ. ಚಿಕಿತ್ಸೆ ಬಿಟ್ಟವರು, ಪರೀಕ್ಷೆಯನ್ನೇ ಮಾಡಿಸದವರು ಆ ಲೆಕ್ಕದೊಳಗೆ ಬರುವುದೇ ಇಲ್ಲ. ನೀವು ಹಾಗೆ ಬಿಟ್ಟವರ ಪಟ್ಟಿಗೆ ಸೇರಬಾರದು ಎಂಬುದೇ ನಮ್ಮ ಕಾಳಜಿ.

ಕಾರ್ಖಾನೆಗೆ ತಿಳಿಯುತ್ತದೆಂಬ ಭಯವೂ ಇದ್ದರೆ: 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಆಸ್ಪತ್ರೆ ಅದನ್ನು ಮಾಲೀಕರಿಗೆ ಹೇಳುವಂತಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯೂ ಇದೆ. ಟಿಎಲ್‌ಡಿ ಶುರುವಾದ ಮೇಲೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆಯ ಅಂಕಿ) 1.0ರಿಂದ 1.2 ಆಗಿದೆ. ಮಾತ್ರೆ ನಿಲ್ಲಿಸಬೇಕಾ? ಕ್ಯಾಲ್ಸಿಯಂ, ಸಕ್ಕರೆಗೆ ಮೆಟ್‌ಫಾರ್ಮಿನ್ ಕೂಡ ತಗೋತಾರೆ.
- ಓದುಗರು, ವಿಜಯನಗರ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಹೋಗುವ ದಾರಿಯನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಅಂಕಿ ತುಸು ಏರಿ ಅಲ್ಲೇ ನಿಲ್ಲುವುದು ಸಾಮಾನ್ಯ, ಅದು ಕಿಡ್ನಿ ಹಾಳಾದ ಗುರುತಲ್ಲ. ಆದರೆ ಟೆನೊಫೊವಿರ್ ಕಿಡ್ನಿಗೆ ನಿಜವಾಗಿಯೂ ತೊಂದರೆ ಕೊಡಬಲ್ಲದು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಎಚ್ಚರ ಬೇಕು. ಅಂಕಿ ಏರುತ್ತಲೇ ಹೋದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಕಂಡರೆ ವೈದ್ಯರು ಔಷಧ ಬದಲಿಸುತ್ತಾರೆ.

ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಬೇಕು. ಡೊಲುಟೆಗ್ರಾವಿರ್ ಜೊತೆ ಅದು ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಸಕ್ಕರೆಗೆ ನೋಡುವ ವೈದ್ಯರಿಗೆ ಇದು ಗೊತ್ತಿರಲೇಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಅದಕ್ಕೆ ಅಂಟಿಕೊಂಡು ಮೈಗೆ ಹತ್ತುವುದಿಲ್ಲ. ಒಟ್ಟಿಗೆ ನುಂಗುವುದಾದರೆ ಊಟದ ಜೊತೆಗೇ ಆಗಬೇಕು. ಇಲ್ಲವೇ ಮೊದಲು ಟಿಎಲ್‌ಡಿ, 2 ಗಂಟೆ ಬಿಟ್ಟು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮೊದಲು ನುಂಗಿದ್ದರೆ 6 ಗಂಟೆ ಕಾಯಬೇಕು. ಅಸಿಡಿಟಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿಗೆ ಊಟದ ಈ ವಿನಾಯಿತಿ ಇಲ್ಲ, ಅಂತರ ಬಿಡಲೇಬೇಕು.

ಪ್ರಶ್ನೆ: ಸಿಡಿ4 720 ಇದೆ. ವೈರಲ್ ಲೋಡ್ ಪರೀಕ್ಷೆ ಮತ್ತೆ ಯಾಕೆ?
- ಓದುಗರು, ಯಶವಂತಪುರ

ಉತ್ತರ: ಸಿಡಿ4 ನಿಮ್ಮ ರೋಗನಿರೋಧಕ ಶಕ್ತಿಯನ್ನು ಹೇಳುತ್ತದೆ, ವೈರಸ್ ಎಷ್ಟಿದೆ ಎಂದಲ್ಲ; ಅದನ್ನು ಹೇಳುವುದು ವೈರಲ್ ಲೋಡ್. ವೈರಸ್ ಏರಿ ತಿಂಗಳುಗಳಾದ ಮೇಲೂ ಸಿಡಿ4 ಚೆನ್ನಾಗಿಯೇ ಕಾಣಬಹುದು. ಚಿಕಿತ್ಸೆ ಶುರುವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಮಾಡಿಸಬೇಕು. 1000 ದಾಟಿದರೆ ಆಪ್ತಸಮಾಲೋಚನೆ ಕೊಟ್ಟು, ಸುಮಾರು 3 ತಿಂಗಳು ಸರಿಯಾಗಿ ಮಾತ್ರೆ ನುಂಗಿಸಿ, ಮತ್ತೆ ಪರೀಕ್ಷಿಸುತ್ತಾರೆ. ರಕ್ತ ಕೊಟ್ಟು ಬಂದು ಫಲಿತಾಂಶ ಕೇಳದೆ ಇರುವವರು ಬಹಳ. ಮುಂದಿನ ಸಲ ಮಾತ್ರೆಗೆ ಹೋದಾಗ ಅಂಕಿ ಎಷ್ಟೆಂದು ಕೇಳಿ, ಪುಸ್ತಕದಲ್ಲಿ ಬರೆಸಿಕೊಳ್ಳಿ.