ಜ್ವರ, ಕೀಲು ನೋವು ಹೋದ ಮೇಲೂ ಮಗಳಿಗೆ ಪೆನಿಸಿಲಿನ್ ಇಂಜೆಕ್ಷನ್ ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ಗದಗ ಹತ್ತಿರದ ಹಳ್ಳಿ, 14 ವರ್ಷದ ಮಗಳು. ಗಂಟಲು ನೋವಾದ ಮೂರು ವಾರಕ್ಕೆ ಜ್ವರ, ಮೊಣಕಾಲು ಬಾವು. ಎಕೋ ಎಂಬ ಸ್ಕ್ಯಾನಿನಲ್ಲಿ ಹೃದಯದ ಕವಾಟ (ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು) ಸ್ವಲ್ಪ ಸೋರುತ್ತಿದೆ ಅಂತ ಬಂತು. ರುಮ್ಯಾಟಿಕ್ ಜ್ವರ ಎಂದು ಹೇಳಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದಾರೆ. ಈಗ ಎಂಟು ತಿಂಗಳಿಂದ ಆರಾಮಾಗಿದ್ದಾಳೆ, ಸೂಜಿ ಅಂದರೆ ಅಳುತ್ತಾಳೆ, ನಿಲ್ಲಿಸಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ. ಹಾವೇರಿ ಜಿಲ್ಲೆಯವಳು, ಇದೇ ಕಾಯಿಲೆಯವಳು. ಆರಾಮಿದ್ದೇನೆ ಅಂತ ಇಂಜೆಕ್ಷನ್ ಬಿಟ್ಟು ಅನುಭವಿಸಿದವಳು.

ನನಗೆ ಮೊದಲ ಸಲ ಬಂದಾಗ 11 ವರ್ಷ. ಇವತ್ತು ಮೊಣಕಾಲು, ನಾಳೆ ಪಾದದ ಗಂಟು, ಮರುದಿನ ಮೊಣಕೈ. ಬಾವು ಜಾಗ ಬದಲಿಸುತ್ತಿತ್ತು. ಅಜ್ಜಿ ಎಣ್ಣೆ ಕಾಸಿ ಹಚ್ಚಿದಳು. ಆಸ್ಪತ್ರೆಯಲ್ಲಿ ಆಸ್ಪಿರಿನ್ ಕೊಟ್ಟರು, ಎರಡೇ ದಿನದಲ್ಲಿ ನೋವು ಹೋಯಿತು. ಎಲ್ಲರೂ ತಪ್ಪು ತಿಳಿಯುವುದು ಅಲ್ಲೇ. ಈ ರೋಗ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ಡಾಕ್ಟರುಗಳಲ್ಲಿ ಒಂದು ಹಳೆಯ ಮಾತಿದೆ. ಕೀಲು ಪೂರ್ತಿ ಸರಿಹೋಗುತ್ತದೆ. ಕವಾಟಕ್ಕೆ ಬಿದ್ದ ಗಾಯದ ಕಲೆ ಉಳಿದುಬಿಡಬಹುದು.

ಆರು ವರ್ಷ ಅಪ್ಪ ತಪ್ಪದೆ ಇಂಜೆಕ್ಷನ್ ಹಾಕಿಸಿದರು. 17ಕ್ಕೆ ಧಾರವಾಡದ ಹಾಸ್ಟೆಲಿಗೆ ಬಂದೆ. ನೆನಪಿಸುವವರು ಯಾರೂ ಇರಲಿಲ್ಲ. ಒಂದು ಸಲ ಪರೀಕ್ಷೆ ಅಂತ ತಪ್ಪಿತು, ಇನ್ನೊಂದು ಸಲ ಜಾತ್ರೆ ಅಂತ. ಏನೂ ಆಗಲಿಲ್ಲ. "ಆರಾಮ ಅದೀನಲ್ಲ, ಇನ್ನ ಯಾಕ ಸೂಜಿ?" ಅಂತ ಮನೆಯಲ್ಲೂ ಹೇಳಿಬಿಟ್ಟೆ. ಒಂದೂವರೆ ವರ್ಷದ ನಂತರ ಮತ್ತೆ ಗಂಟಲು ನೋವು, ಮತ್ತೆ ಜ್ವರ. ಈ ಸಲ ಹಾಸ್ಟೆಲ್ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಹೃದಯಕ್ಕೇ ಉರಿಯೂತ ಆಗಿತ್ತು. ಸ್ಟಿರಾಯ್ಡ್ ಮಾತ್ರೆ ಕೊಟ್ಟರು, ನೀರು ಇಳಿಯಲು ಫ್ಯುರೋಸೆಮೈಡ್ ಕೊಟ್ಟರು. ಬದುಕಿದೆ. ಆದರೆ 26ನೇ ವಯಸ್ಸಿಗೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿ, ಹುಬ್ಬಳ್ಳಿಯಲ್ಲಿ ತೊಡೆಸಂದಿಯ ರಕ್ತನಾಳದಿಂದ ಬಲೂನ್ ಕಳಿಸಿ ಅದನ್ನು ಹಿಗ್ಗಿಸಬೇಕಾಯಿತು.

ಇಲ್ಲಿ ಯಾವ ಔಷಧಿ ಏನು ಮಾಡುತ್ತದೆ ಅನ್ನುವುದನ್ನು ನನಗೆ ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಸ್ಟ್ರೆಪ್ಟೊಕಾಕಸ್ ಎಂಬ ಗಂಟಲಿನ ರೋಗಾಣುವಿಗೂ ನಮ್ಮ ಹೃದಯದ ಭಾಗಗಳಿಗೂ ಸ್ವಲ್ಪ ಹೋಲಿಕೆ ಇದೆ. ರೋಗಾಣುವಿನ ಮೇಲೆ ಎದ್ದ ದೇಹದ ಪಡೆ ಗುರುತು ತಪ್ಪಿ ಕವಾಟದ ಮೇಲೂ ಬೀಳುತ್ತದೆ. ಆಸ್ಪಿರಿನ್, ಸ್ಟಿರಾಯ್ಡ್ ಆ ಹೊತ್ತಿನ ಉರಿಯೂತ ತಣಿಸುತ್ತವೆ, ಅಷ್ಟೇ. ಕವಾಟ ಹಾಳಾಗುವುದನ್ನು ಅವು ತಡೆಯುತ್ತವೆ ಅನ್ನಲಾಗದು. ಪೆನಿಸಿಲಿನ್ ಕೂಡ ಆದ ಗಾಯವನ್ನು ಮಾಯಿಸುವುದಿಲ್ಲ. ಅದು ಆ ರೋಗಾಣು ಮತ್ತೆ ಗಂಟಲಲ್ಲಿ ನೆಲೆ ಮಾಡದಂತೆ ಕಾಯುತ್ತದೆ. ಒಮ್ಮೆ ಈ ಜ್ವರ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಬಂದಷ್ಟು ಸಲ ಕವಾಟ ಇನ್ನಷ್ಟು ಕೆಡುತ್ತದೆ. ನಿಮ್ಮ ಮಗಳದ್ದು ಈಗ ಸ್ವಲ್ಪ ಸೋರಿಕೆ. ಮತ್ತೆ ಜ್ವರ ಬರದಂತೆ ನೋಡಿಕೊಂಡರೆ ಇಂಥ ಸೋರಿಕೆ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

21 ದಿನದ ಲೆಕ್ಕಕ್ಕೂ ಕಾರಣವಿದೆ. ಬೆಂಜಥೀನ್ ಪೆನಿಸಿಲಿನ್ ಬೇಗ ಕರಗುವುದಿಲ್ಲ. ಸೊಂಟದ ಸ್ನಾಯುವಿನಲ್ಲಿ ಕೂತು ದಿನಾ ಸ್ವಲ್ಪ ಸ್ವಲ್ಪ ರಕ್ತಕ್ಕೆ ಇಳಿಯುತ್ತದೆ. ಮೂರು ವಾರ ದಾಟುತ್ತಿದ್ದಂತೆ ಅದರ ಬಲ ತಗ್ಗುತ್ತದೆ. ದೊಡ್ಡವರಿಗೆ 12 ಲಕ್ಷ ಯುನಿಟ್, ಸಣ್ಣ ಮಕ್ಕಳಿಗೆ 6 ಲಕ್ಷ. ಬದಲಿಗೆ ಪೆನಿಸಿಲಿನ್ ಮಾತ್ರೆಯೂ ಇದೆ, ದಿನಕ್ಕೆ ಎರಡು ಸಲ. ಆದರೆ ವರ್ಷಗಟ್ಟಲೆ ಎರಡು ಹೊತ್ತೂ ತಪ್ಪದೆ ನುಂಗುವುದು ಮಕ್ಕಳಿಗೆ ಕಷ್ಟ, ಅಲ್ವಾ? ಕವಾಟ ತೀರಾ ಕೆಟ್ಟವರಿಗೆ ಡಾಕ್ಟರೇ ಮಾತ್ರೆ ಹೇಳುವುದುಂಟು. ಪೆನಿಸಿಲಿನ್ ಒಗ್ಗದವರಿಗೆ ಎರಿಥ್ರೊಮೈಸಿನ್ ಇದೆ.

ನೋವು ಇದೆ, ಇಲ್ಲ ಅನ್ನಲಾರೆ. ಔಷಧಿ ಹಾಲಿನಂತೆ ಬೆಳ್ಳಗೆ, ಗಟ್ಟಿ. ದಪ್ಪ ಸೂಜಿಯೇ ಬೇಕು. ಬೇಗ ಒತ್ತಿದರೆ ಜೀವ ಹೋದಂತಾಗುತ್ತದೆ. ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನಕ್ಕೆ ಕೊಡಿ ಅಂತ ಸಿಸ್ಟರ್ ಹತ್ತಿರ ಕೇಳಿ, ಸಂಕೋಚ ಬೇಡ. ಸೀಸೆ ಫ್ರಿಜ್ಜಿನ ತಣ್ಣಗೆ ಇರಬಾರದು. ಸೂಜಿಗೆ ಮುಂಚೆ ಆ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿದರೆ ನೋವು ಕಡಿಮೆ. ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಬೆರೆಸಬಹುದಾ ಅಂತ ಡಾಕ್ಟರನ್ನು ಕೇಳಿ. ಮಗಳು ಏನಾದರೂ ತಿಂದು ಹೋಗಲಿ, ಮಲಗಿಕೊಂಡೇ ಹಾಕಿಸಿಕೊಳ್ಳಲಿ, ಆಮೇಲೆ ಅರ್ಧ ಗಂಟೆ ಅಲ್ಲೇ ಇರಲಿ. ಹೆದರಿಕೆಗೆ ತಲೆ ತಿರುಗಿ ಬಿದ್ದದ್ದನ್ನೂ ಅಲರ್ಜಿ ಅಂದುಕೊಂಡು ಪೆನಿಸಿಲಿನ್ನನ್ನೇ ಬಿಡಿಸಿದವರನ್ನು ನೋಡಿದ್ದೇನೆ. ನಿಜವಾದ ಅಲರ್ಜಿ ಅಪರೂಪ. ಆದರೆ ಬಂದರೆ ಜೋರು. ಹಾಗಾಗಿ ತುರ್ತು ಔಷಧಿ ಇಟ್ಟಿರುವ ಜಾಗದಲ್ಲೇ ಹಾಕಿಸಿ. ನಮ್ಮೂರ ಒಂದು ಕ್ಲಿನಿಕ್ಕಿನಲ್ಲಿ "ನಮಗ್ಯಾಕ ಬೇಕು ರಿಸ್ಕು" ಅಂತ ನನ್ನನ್ನು ವಾಪಸ್ ಕಳಿಸಿದ್ದರು. ಆಗ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕಿಸಿಕೊಂಡೆ.

ಎಷ್ಟು ವರ್ಷ ಅಂತಲೂ ಕೇಳಿದ್ದೀರಿ. ಹೃದಯಕ್ಕೆ ಏನೂ ಆಗದಿದ್ದವರಿಗೆ 5 ವರ್ಷ ಅಥವಾ 21 ವಯಸ್ಸಿನವರೆಗೆ. ಹೃದಯಕ್ಕೆ ತಾಗಿ ಕವಾಟ ಸರಿಹೋದರೆ 10 ವರ್ಷ ಅಥವಾ 21 ವಯಸ್ಸು. ಕವಾಟದ ತೊಂದರೆ ಉಳಿದರೆ 10 ವರ್ಷ ಅಥವಾ 40 ವಯಸ್ಸು. ಪ್ರತಿ ಸಲವೂ ಯಾವುದು ದೀರ್ಘವೋ ಅದು. ಕೆಲವರಿಗೆ ಅದಕ್ಕೂ ಜಾಸ್ತಿ. ಮುಂದಿನ ಎಕೋಗಳನ್ನು ನೋಡಿಯೇ ಹೇಳುತ್ತಾರೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಗಾಯವಾದ ಕವಾಟದ ಮೇಲೆ ರಕ್ತದಲ್ಲಿ ತೇಲಿ ಬಂದ ಬೇರೆ ರೋಗಾಣು ಕೂರಬಹುದು. ಅದನ್ನು ಎಂಡೊಕಾರ್ಡೈಟಿಸ್ ಅನ್ನುತ್ತಾರೆ. ಈ ಇಂಜೆಕ್ಷನ್ ಅದನ್ನು ತಡೆಯುವುದಿಲ್ಲ. ಬಲೂನ್ ಹಾಕಿಸಿಕೊಂಡಾಗ ನನ್ನ ಪಕ್ಕದ ಮಂಚದ ಅಕ್ಕನಿಗೆ ಅದೇ ಆಗಿತ್ತು. ತಿಂಗಳುಗಟ್ಟಲೆ ಸಣ್ಣ ಜ್ವರ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಮೂರು ದಿನ ನುಂಗುವುದು, ಬಿಡುವುದು. ಆ ಮಾತ್ರೆಯಿಂದಾಗಿ ರಕ್ತ ಪರೀಕ್ಷೆಯಲ್ಲಿ ರೋಗಾಣುವೇ ಸಿಗಲಿಲ್ಲ. ಕೊನೆಗೆ ಆರು ವಾರ ರಕ್ತನಾಳದ ಮೂಲಕ ಔಷಧಿ ಕೊಟ್ಟರು. ಮಗಳಿಗೆ ಕಾರಣ ತಿಳಿಯದ ಜ್ವರ ವಾರ ದಾಟಿದರೆ ಮಾತ್ರೆಗೆ ಮುಂಚೆ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿ, ಕವಾಟದ ವಿಷಯ ಹೇಳಿ. ಹಲ್ಲು ಹುಳುಕಾಗದಂತೆ ನೋಡಿಕೊಳ್ಳಿ. ಬಾಯಿಯ ರೋಗಾಣು ರಕ್ತಕ್ಕೆ ಸೇರುವುದು ಅಲ್ಲಿಂದಲೇ.

ಮದುವೆಯ ಚಿಂತೆಯನ್ನೂ ಬರೆದಿದ್ದೀರಿ. ನನಗೆ ಇಬ್ಬರು ಮಕ್ಕಳು. ಎರಡೂ ಬಸುರಿನಲ್ಲಿ ಇಂಜೆಕ್ಷನ್ ನಡೆದೇ ಇತ್ತು, ಪೆನಿಸಿಲಿನ್‌ನಿಂದ ಮಗುವಿಗೆ ತೊಂದರೆ ಇಲ್ಲ. ಎಕೋ ಮಾತ್ರ ಮೊದಲೇ ಮಾಡಿಸಿಕೊಂಡಿದ್ದೆ.

21 ದಿನಕ್ಕೊಮ್ಮೆ ಅಂದರೆ ಪ್ರತಿ ಸಲವೂ ವಾರದ ಅದೇ ದಿನ ಬರುತ್ತದೆ. ನಾನು ನಮ್ಮೂರ ಸಂತೆಯ ದಿನವನ್ನೇ ಹಿಡಿದುಕೊಂಡಿದ್ದೇನೆ, ಮರೆಯುವ ಮಾತೇ ಇಲ್ಲ. ನೀವೂ ಹಾಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮುಂದೆ ಅವಳು ಪಿಯುಸಿಗೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋದರೆ, ಹಾಸ್ಟೆಲ್ ಹುಡುಕುವಾಗಲೇ ಇಂಜೆಕ್ಷನ್ ಎಲ್ಲಿ ಹಾಕಿಸುವುದು ಅಂತಲೂ ಹುಡುಕಿ. ಡಾಕ್ಟರ್ ಚೀಟಿಯ ಒಂದು ಪ್ರತಿ ವಾರ್ಡನ್ ಹತ್ತಿರ ಇರಲಿ.