ಬೆಣ್ಣೆಗೊಂದು ನ್ಯಾಯ, ಚಹಾಕ್ಕೊಂದು ನ್ಯಾಯ

ಬರ್ಮಿಂಗ್‌ಹ್ಯಾಮ್‌ನಿಂದ ಬರೆದಿರುವ ಸೋದರಿಗೆ ನಮಸ್ಕಾರ.

ತಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲದ ಕಾರಣ ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ತಾವು ವಾರದ ಸಾಮಾನನ್ನು ಆಲ್ಡಿ ಎಂಬ ಅಗ್ಗದ ಸೂಪರ್‌ಮಾರ್ಕೆಟ್‌ನಿಂದಲೂ ಒಮ್ಮೊಮ್ಮೆ ಅಂಥದ್ದೇ ಆದ ಲಿಡ್ಲ್‌ನಿಂದಲೂ ತರುತ್ತೀರಿ. ಆ ಅಂಗಡಿಗಳು ತಮ್ಮದೇ ಹೆಸರುಗಳಲ್ಲಿ ಮಾರುವ ಸರಕಿನ ಬಗ್ಗೆ ತಮ್ಮ ಸುತ್ತ ಒಬ್ಬೊಬ್ಬರದು ಒಂದೊಂದು ಮಾತು. ಮೈಸೂರಿನಿಂದ ಬಂದಿರುವ ಅತ್ತೆಯವರು ಅಲ್ಲಿನ ಬೆಣ್ಣೆ ಕಾಸಿದ ತುಪ್ಪಕ್ಕೆ ಘಮವೇ ಇಲ್ಲವೆನ್ನುತ್ತಾರೆ. ಲಂಡನ್ನಿನ ಹ್ಯಾರೋದಲ್ಲಿರುವ ತಂಗಿ ಆ ಅಂಗಡಿಯ ಚಹಾವನ್ನು ಪಾತ್ರೆ ತೊಳೆದ ನೀರೆಂದು ತಳ್ಳಿಹಾಕುತ್ತಾರೆ. ಪಕ್ಕದ ಮನೆಯವರು ಮಾತ್ರ, ಎಲ್ಲವೂ ಒಂದೇ ಕಾರ್ಖಾನೆಯಲ್ಲಿ ಆಗುವುದು, ಮೇಲಿನ ಚೀಟಿ ಬೇರೆ ಅಷ್ಟೆ ಎಂದು ಆಣೆಯಿಟ್ಟು ಹೇಳುತ್ತಾರೆ. ಇವರಲ್ಲಿ ಯಾರ ಮಾತು ಸರಿ, ಮತ್ತು ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅಲ್ಲಿನ ಚಾಕೊಲೇಟನ್ನೇ ಒಯ್ದರೆ ಮರ್ಯಾದೆಗೆ ಕಡಿಮೆಯೇ ಎಂಬುದು ತಮ್ಮ ಪ್ರಶ್ನೆ.

ಮೂವರೂ ಸುಳ್ಳು ಹೇಳುತ್ತಿಲ್ಲವೆಂದೇ ನನ್ನ ಎಣಿಕೆ. ಆದರೆ ‘ಅಂಗಡಿಯ ಸ್ವಂತ ಸರಕು’ ಎಂಬುದನ್ನು ಒಂದೇ ಪದಾರ್ಥವೆಂಬಂತೆ ಹಿಡಿದು, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ಹೊರಟಿರುವುದರಿಂದ ಮಾತು ಕೂಡಿಬರುತ್ತಿಲ್ಲ. ಆಲ್ಡಿಯಲ್ಲಿ ಸಿಗುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅದರ ಸ್ವಂತ ಹೆಸರುಗಳದ್ದೇ. ಹಾಗಿರುವಾಗ ಇಡೀ ಅಂಗಡಿಗೆ ಒಂದೇ ಅಂಕ ಕೊಡುವುದು ಹೇಗೆ?

ಮೊದಲು ಬೆಣ್ಣೆಯನ್ನೇ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಬೆಣ್ಣೆ ಎಂಬ ಹೆಸರಿನಲ್ಲಿ ಮಾರಬೇಕಾದರೆ ಅದರಲ್ಲಿ ಹಾಲಿನ ಕೊಬ್ಬು ಶೇಕಡಾ 80ಕ್ಕೆ ಕಡಿಮೆಯಿರಕೂಡದು, ನೀರು ಶೇಕಡಾ 16ನ್ನು ಮೀರಕೂಡದು, ಇದು ಕಾನೂನು. ಎಷ್ಟೇ ಅಗ್ಗದ ಅಂಗಡಿಯಾದರೂ ಇದರಲ್ಲಿ ಕೈಚಳಕ ತೋರಿಸಲು ಅವಕಾಶವಿಲ್ಲ. ಉಪ್ಪಿಲ್ಲದ 250 ಗ್ರಾಂ ಬೆಣ್ಣೆಯನ್ನು ಕಾಸಿದರೆ, ಹೊದಿಕೆಯ ಮೇಲೆ ಯಾರ ಹೆಸರಿದ್ದರೂ, ಸುಮಾರು 200 ಗ್ರಾಂ ತುಪ್ಪ ಇಳಿಯುತ್ತದೆ. ಹಾಗಾದರೆ ಅತ್ತೆಯವರ ದೂರು ಬರಿಯ ಹಟವೇ? ಅಲ್ಲ. ಮೈಸೂರಿನ ಮನೆಯಲ್ಲಿ ಅವರು ಬೆಣ್ಣೆ ತೆಗೆಯುತ್ತಿದ್ದುದು ಹೆಪ್ಪು ಹಾಕಿದ ಮೊಸರು, ಕೆನೆಮೊಸರು ಕಡೆದು. ಇಂಗ್ಲೆಂಡಿನ ಸಾಮಾನ್ಯ ಬೆಣ್ಣೆ ಹುಳಿ ಬರಿಸದ ಸಿಹಿ ಕೆನೆಯದು. ಆ ಹುಳಿಯೇ ಇಲ್ಲದ ಮೇಲೆ ಕಾಸುವಾಗ ನಮ್ಮ ಕಡೆಯ ಘಮ ಎಲ್ಲಿಂದ ಬರಬೇಕು? ಡೆನ್ಮಾರ್ಕಿನ ಲುರ್ಪ್ಯಾಕ್‌ನಂಥ ಬೆಣ್ಣೆಗೆ ಹೆಪ್ಪಿನ ಜೀವಾಣು ಸೇರಿಸಿರುತ್ತಾರೆ; ಪದಾರ್ಥಗಳ ಪಟ್ಟಿಯಲ್ಲಿ ‘ಲ್ಯಾಕ್ಟಿಕ್ ಕಲ್ಚರ್’ ಎಂದು ಬರೆದಿರುವುದು ಅದನ್ನೇ. ಅಂಥದ್ದರಲ್ಲಿ ಉಪ್ಪಿಲ್ಲದ್ದನ್ನು ತಂದು, ಸಣ್ಣ ಉರಿಯಲ್ಲಿ, ತಳದ ಗಸಿ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಸಿ, ಇಳಿಸುವ ಮುನ್ನ ಒಂದು ವೀಳ್ಯದೆಲೆ ಹಾಕಿ ನೋಡಲು ಹೇಳಿ. ಎಲೆ ಸಿಗದಿದ್ದರೆ ನಾಲ್ಕು ಮೆಂತ್ಯದ ಕಾಳಾದರೂ ಸರಿ. ಹೀಗೆ ಅತ್ತೆಯವರ ಮೂಗು ಹಿಡಿದಿರುವ ವ್ಯತ್ಯಾಸ ನಿಜವಾದದ್ದೇ. ಅದನ್ನು ಅವರು ಅಗ್ಗದ ಅಂಗಡಿಯ ತಲೆಗೆ ಕಟ್ಟಿದ್ದಾರೆ.

ಸಕ್ಕರೆ, ಉಪ್ಪು, ಓಟ್ಸ್, ಡಬ್ಬಿಯ ಕಡಲೆಕಾಳು ಇವುಗಳ ವಿಚಾರದಲ್ಲಿ ಚರ್ಚೆ ಬೆಳೆಸುವ ಅಗತ್ಯವನ್ನೇ ನಾನು ಕಾಣೆ. ಅಗ್ಗದ್ದನ್ನೇ ತನ್ನಿ.

ಚಹಾದ ಮಾತು ಬೇರೆ. ಹಲವು ತೋಟಗಳ ಎಲೆಯನ್ನು ಬೆರೆಸಿ, ವರ್ಷದಿಂದ ವರ್ಷಕ್ಕೆ ಅದೇ ರುಚಿ ಬರುವಂತೆ ನೋಡಿಕೊಳ್ಳುವುದೇ ಹೆಸರಾಂತ ಕಂಪನಿಗಳ ವ್ಯಾಪಾರ, ಮತ್ತು ಆ ಮಿಶ್ರಣವನ್ನು ಕಾನೂನು ನಿಗದಿ ಮಾಡುವುದಿಲ್ಲ. ಇಲ್ಲಿ ಅಂಗಡಿಯ ಸರಕು ನಿಜಕ್ಕೂ ಬೇರೆಯಾಗಿರಬಹುದು. ಆದರೂ ತಂಗಿಯ ತೀರ್ಪನ್ನು ಒಪ್ಪುವ ಮುನ್ನ ಅವರ ಮನೆಯ ನಲ್ಲಿಯನ್ನು ಸ್ವಲ್ಪ ಅನುಮಾನಿಸಬೇಕು. ತಮ್ಮ ಬರ್ಮಿಂಗ್‌ಹ್ಯಾಮ್‌ಗೆ ನೀರು ಬರುವುದು ವೇಲ್ಸ್‌ನ ಇಲಾನ್ ಕಣಿವೆಯ ಜಲಾಶಯಗಳಿಂದ. 1904ರಿಂದ ಹರಿದುಬರುತ್ತಿರುವ ಆ ನೀರು ಮೆದು. ಲಂಡನ್ನಿನದು ಸುಣ್ಣದಂಶ ತುಂಬಿದ ಗಡಸು ನೀರು. ಅದರಲ್ಲಿ ಚಹಾ ಹಾಕಿದರೆ ಮೇಲೆ ತೆಳುವಾದ ಕೆನೆಗಟ್ಟಿ, ಬಣ್ಣ ಮಂಕಾಗಿ, ರುಚಿ ಸಪ್ಪೆಯಾಗುತ್ತದೆ. ಯಾರ್ಕ್‌ಶೈರ್ ಟೀ ಕಂಪನಿ ಗಡಸು ನೀರಿನ ಊರುಗಳಿಗೆಂದೇ ಬೇರೊಂದು ಮಿಶ್ರಣ ಮಾಡಿ ಮಾರುತ್ತಿರುವುದು ಇದೇ ಕಾರಣಕ್ಕೆ. ಒಂದೇ ಪೊಟ್ಟಣದ ಚಹಾವನ್ನು ಅಕ್ಕ ಮೆಚ್ಚಿ ತಂಗಿ ಬಿಸಾಡಿದ್ದರೆ ಅಚ್ಚರಿಯೇನಿಲ್ಲ. ಇನ್ನು ಶುಂಠಿ ಜಜ್ಜಿ, ಹಾಲು ಹಾಕಿ, ಮೂರು ಉಕ್ಕು ಬರುವವರೆಗೆ ಕುದಿಸುವವರಿಗೆ ಈ ಸೂಕ್ಷ್ಮಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನೂ, ನಾನೂ ಆ ಪೈಕಿಯವನೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪಕ್ಕದ ಮನೆಯವರ ‘ಒಂದೇ ಕಾರ್ಖಾನೆ’ಯ ವಾದ ಅರ್ಧ ನಿಜ. ಒಬ್ಬನೇ ತಯಾರಕ ಹೆಸರಾಂತ ಕಂಪನಿಗೂ ಅಗ್ಗದ ಅಂಗಡಿಗೂ ಸರಕು ಮಾಡಿಕೊಡುವುದುಂಟು. 2013ರಲ್ಲಿ ಗೋಮಾಂಸವೆಂದು ಮಾರಿದ ಸಿದ್ಧ ಆಹಾರದಲ್ಲಿ ಕುದುರೆಮಾಂಸ ಸಿಕ್ಕಿದ ಹಗರಣದಲ್ಲಿ ಇದು ಬಯಲಾಯಿತು: ಫಿಂಡಸ್ ಎಂಬ ದೊಡ್ಡ ಹೆಸರಿನ ಲಸಾನ್ಯವನ್ನೂ ಆಲ್ಡಿಯ ಹೆಸರಿನ ಲಸಾನ್ಯವನ್ನೂ ಪೂರೈಸುತ್ತಿದ್ದುದು ಕೊಮಿಜೆಲ್ ಎಂಬ ಒಂದೇ ಫ್ರೆಂಚ್ ಕಂಪನಿ. ಹೆಚ್ಚು ಬೆಲೆ ತೆತ್ತವರಿಗೂ ಅಲ್ಲಿ ರಕ್ಷಣೆ ಸಿಗಲಿಲ್ಲ. ಆದರೆ ಕಾರ್ಖಾನೆ ಒಂದಾದ ಮಾತ್ರಕ್ಕೆ ಪಾಕ ಒಂದೇ ಆಗಬೇಕಿಲ್ಲ. ಒಂದೇ ಅಡುಗೆ ಭಟ್ಟರು ಎರಡು ಮದುವೆಗೆ ಮಾಡುವ ಪಾಯಸದಲ್ಲಿ ಗೋಡಂಬಿಯ ಲೆಕ್ಕ ಬೇರೆಯಿರುವುದಿಲ್ಲವೇ? ಹಣ ಕೊಡುವವರು ಹೇಳಿದಷ್ಟು ಬೀಳುತ್ತದೆ.

ಆ ಲೆಕ್ಕ ಪೊಟ್ಟಣದ ಹಿಂಭಾಗದಲ್ಲಿದೆ. ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥ ಎಷ್ಟು ಶೇಕಡಾ ಇದೆಯೆಂದು ಅಲ್ಲಿ ನಮೂದಿಸಲೇಬೇಕು. ಸ್ಟ್ರಾಬೆರಿ ಮೊಸರಿನಲ್ಲಿ ಹಣ್ಣು ಎಷ್ಟು, ಹಮ್ಮಸ್‌ನಲ್ಲಿ ಕಡಲೆ ಎಷ್ಟು ಎಂದು ಎರಡು ಡಬ್ಬಿ ಪಕ್ಕಪಕ್ಕ ಹಿಡಿದು ನೋಡಿದರೆ ಅರ್ಧ ನಿಮಿಷದ ಕೆಲಸ. ತಯಾರಕ ಯಾರೆಂಬುದು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಯಾರ ಹೆಸರಿನಲ್ಲಿ ಮಾರಾಟವಾಗುತ್ತದೋ ಅವರ ವಿಳಾಸವಿದ್ದರೆ ಅಲ್ಲಿನ ಕಾನೂನಿಗೆ ಸಾಕು. ಹಾಗಾಗಿ ಆಲ್ಡಿಯ ಪೊಟ್ಟಣಗಳ ಮೇಲೆ ವಾರ್ವಿಕ್‌ಶೈರ್‌ನ ಆಥರ್‌ಸ್ಟೋನ್ ಎಂದು ಕಂಡರೆ ಅದು ಕಂಪನಿಯ ಮುಖ್ಯ ಕಛೇರಿ, ಕಾರ್ಖಾನೆಯಲ್ಲ. ಹಾಲು, ಬೆಣ್ಣೆ, ಚೀಸ್‌ಗಳ ಮೇಲಿನ ಮೊಟ್ಟೆಯಾಕಾರದ ಪುಟ್ಟ ಮುದ್ರೆಯಲ್ಲಿ ಮಾತ್ರ ಘಟಕದ ಸಂಖ್ಯೆ ಇರುತ್ತದೆ. ಪಕ್ಕದ ಮನೆಯವರು ಆಣೆಯಿಡುವ ಬದಲು ಎರಡು ಪೊಟ್ಟಣಗಳ ಮೇಲಿನ ಆ ಸಂಖ್ಯೆಗಳನ್ನು ಹೋಲಿಸಿ ತೋರಿಸಲಿ. ಇಲ್ಲಿ ಭಾರತದಲ್ಲಿ ಡಿಮಾರ್ಟ್, ಬಿಗ್‌ಬಾಸ್ಕೆಟ್‌ಗಳ ಸ್ವಂತ ಹೆಸರಿನ ಬೇಳೆ, ರವೆ ತರುವ ಓದುಗರು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯ ಜಾಡು ಹಿಡಿಯಬಹುದು.

ಅಗ್ಗವಾದದ್ದೆಲ್ಲ ಕಳಪೆಯೇ ಇರಬೇಕೆಂಬ ಅಳುಕು ತಮ್ಮ ಪತ್ರದಲ್ಲೂ ಇಣುಕಿದೆ. ಬೆಲೆ ಎಲ್ಲಿ ಇಳಿಯುತ್ತದೆ ಎಂಬುದನ್ನು ನಾನು ಕಂಡದ್ದು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಅಲ್ಲಿನ ಆಲ್ಡಿಯಲ್ಲಿ ಸರಕು ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗ ಹರಿದು ಹಾಗೆಯೇ ಕಪಾಟಿಗೆ ಏರಿಸಿರುತ್ತಾರೆ. ಪೊಟ್ಟಣದ ಹಲವು ಬದಿಗೆ ಬಾರ್‌ಕೋಡ್ ಮುದ್ರಿಸಿರುವುದರಿಂದ ಗಲ್ಲೆಯ ಹುಡುಗಿ ತಿರುಗಿಸಿ ಹುಡುಕದೆ ಸರಸರನೆ ಎಳೆಯುತ್ತಾಳೆ. ನಾನು ಒಂದು ಬ್ರೆಡ್ ಚೀಲಕ್ಕೆ ಹಾಕುವಷ್ಟರಲ್ಲಿ ಹಿಂದೆ ಹನ್ನೆರಡು ಸಾಮಾನು ಗುಡ್ಡೆಬಿದ್ದಿದ್ದವು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಹತ್ತಾರು ಸಾವಿರ ಬಗೆ ಇಟ್ಟರೆ ಇಲ್ಲಿ ಇರುವುದು ಎರಡು ಸಾವಿರದ ಆಸುಪಾಸು. ಕೆಚಪ್ ಬೇಕೆಂದರೆ ಹೆಚ್ಚೆಂದರೆ ಒಂದೆರಡು ಬಗೆ, ಆದರೆ ಖರೀದಿ ಭಾರಿ ಪ್ರಮಾಣದ್ದು. ಉಳಿತಾಯದ ಬಹುಪಾಲು ಇಲ್ಲಿಯದು. ಅಂದಹಾಗೆ, ಆಲ್ಡಿ 1990ರಲ್ಲಿ ಬ್ರಿಟನ್ನಿನ ತನ್ನ ಮೊದಲ ಅಂಗಡಿ ತೆರೆದದ್ದು ತಮ್ಮೂರಿನ ಸ್ಟೆಚ್‌ಫರ್ಡ್‌ನಲ್ಲೇ. 2022ರ ಹೊತ್ತಿಗೆ ಮಾರಿಸನ್ಸ್‌ನ್ನು ಹಿಂದಿಕ್ಕಿ ದೇಶದ ನಾಲ್ಕನೆಯ ದೊಡ್ಡ ಸೂಪರ್‌ಮಾರ್ಕೆಟ್ ಆಯಿತು.

ನನಗೆ ಒಪ್ಪಿಗೆಯಾಗದ ಸಂಗತಿಯೂ ಒಂದಿದೆ. ಹೆಸರಾಂತ ಪೊಟ್ಟಣದ ಬಣ್ಣ, ಅಕ್ಷರ, ಚಿತ್ರಗಳನ್ನು ಹೋಲುವಂತೆ ತಮ್ಮ ಪೊಟ್ಟಣ ಮಾಡಿ, ಗಿರಾಕಿಯ ಕೈ ತಾನಾಗಿ ಅತ್ತ ಹೋಗುವಂತೆ ಮಾಡುವ ಚಾಳಿ. ಥ್ಯಾಚರ್ಸ್ ಕಂಪನಿಯ ನಿಂಬೆ ಸೈಡರ್ (ಸೇಬಿನ ಮದ್ಯ) ಡಬ್ಬಿಯ ವಿಷಯದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2025ರ ಜನವರಿಯಲ್ಲಿ ಆಲ್ಡಿಯ ವಿರುದ್ಧ ತೀರ್ಪು ಕೊಟ್ಟಿತು. ಸರಕು ಚೆನ್ನಾಗಿದ್ದರೆ ತನ್ನದೇ ಮುಖ ತೋರಿಸಿ ಮಾರಲು ಸಂಕೋಚವೇಕೆ?

ಆದರೆ ಮುಖ ನೋಡಿ ರುಚಿ ಹೇಳುವ ಅಭ್ಯಾಸ ನಮಗೂ ಇದೆ. ಹೆಸರಾಂತ ಕಾರ್ನ್ ಫ್ಲೇಕ್ಸ್ ಬಿಟ್ಟು ಬೇರೆ ಮುಟ್ಟದ ನಮ್ಮ ಅಳಿಯಂದಿರಿಗೆ, ಖಾಲಿಯಾದ ಅದೇ ಪೆಟ್ಟಿಗೆಗೆ ಅಗ್ಗದ್ದನ್ನು ಸುರಿದು ಮಗಳು ದಿನವೂ ಬಡಿಸುತ್ತಿದ್ದಳು. ‘ಒಂದು ಪೆಟ್ಟಿಗೆ ಮೂರು ತಿಂಗಳು ಹೇಗೆ ಬಂತು?’ ಎಂದು ಅವರು ಕೇಳಿದರೇ ಹೊರತು ರುಚಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ತಂಗಿ ಮುಂದಿನ ಸಲ ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ ತಾವೂ ಎರಡು ಲೋಟದಲ್ಲಿ ಎರಡು ಚಹಾ ಕೊಟ್ಟು, ಯಾವುದು ಯಾವುದೆಂದು ಹೇಳದೆ ನೋಡಿ.

ಇನ್ನು ಊರಿಗೆ ಒಯ್ಯುವ ಚಾಕೊಲೇಟ್. ಆಲ್ಡಿಯಲ್ಲಿ ಮೋಸರ್ ರಾಥ್ ಎಂಬ ಹೆಸರಿನದು ಸಿಗುತ್ತದೆ; ಒಂದು ಪೆಟ್ಟಿಗೆಯೊಳಗೆ 25 ಗ್ರಾಂನ ಐದು ಪಟ್ಟಿಗಳು ಬೇರೆಬೇರೆಯಾಗಿ ಸುತ್ತಿಕೊಂಡಿರುತ್ತವೆ. ಅದು ಅಂಗಡಿಯ ಸ್ವಂತ ಹೆಸರೆಂದು ಮೈಸೂರಿನಲ್ಲಿ ಯಾರಿಗೂ ಹೊಳೆಯಲಿಕ್ಕಿಲ್ಲ, ಹೊಳೆದರೂ ಮಕ್ಕಳಿಗೆ ಅದರ ಗೊಡವೆಯಿಲ್ಲ. ಬೆಲೆಯ ಚೀಟಿ ಮಾತ್ರ ಕಿತ್ತುಹಾಕಿ.

— ಸಂಪಾದಕ